ಬೆಕ್ಕು ಹಿಡಿದ ಹಕ್ಕೀನ ಅಂಗಡಿಯವರ ಹತ್ರ 'ಅಡ್ಮಿಟ್' ಮಾಡ್ಬೇಡಿ, ದಯವಿಟ್ಟು

ಹಕ್ಕಿ ಸಾಕಿರೋರು, ಅದರಲ್ಲೂ ಹಕ್ಕಿ ಜೊತೆ ಬೆಕ್ಕೂ ಇರೋ ಮನೆಯವರು ಇದನ್ನ ಪೂರ್ತಿ ಓದಿ. ಉದ್ದ ಇದೆ, ಇರ್ಲಿ, ಓದಿ. ಹಕ್ಕಿಗೆ ಏಟಾದಾಗ ಕಾಳು ಮಾರೋ ಅಂಗಡಿಯವನು "ಇಲ್ಲೇ ಅಡ್ಮಿಟ್ ಮಾಡಿ ಮೇಡಂ, ನಮ್ ಡಾಕ್ಟ್ರು ಇದಾರೆ" ಅಂದ್ರೆ ಅಲ್ಲಿಂದ ಹಂಗೇ ಎದ್ದು ಬನ್ನಿ. ಅಂಥೋನೊಬ್ಬ ನನ್ನ ಹತ್ರ 3,500 ರೂಪಾಯಿ ಇಸ್ಕೊಂಡು, ಅದರಲ್ಲಿ ಸತ್ತ ಹಕ್ಕಿಗೆ ಇಂಜೆಕ್ಷನ್ ಹಾಕ್ಸಿದೆ ಅಂತ ಇಸ್ಕೊಂಡಿದ್ದೂ ಸೇರಿ, ಕೊನೆಗೆ ಬೇರೆ ಯಾವುದೋ ಹಕ್ಕೀನ ಡಬ್ಬೀಲಿ ಹಾಕಿ ನಿಮ್ಮದೇ ಅಂತ ಕೊಟ್ಟು ಕಳಿಸಿದ್ದಾನೆ. ಬರೆಯೋಕೂ ನಾಚಿಕೆ ಆಗ್ತಿದೆ. ನಮ್ಮ ಯಜಮಾನ್ರು ಬೇಡ ಬಿಡು, ಓದ್ದೋರೆಲ್ಲ ನಗ್ತಾರೆ ಅಂದ್ರು. ನಗ್ಲಿ.

ನಮ್ಮದು ಬನಶಂಕರಿ ಕಡೆ. ಝೀಬ್ರಾ ಫಿಂಚ್ ಒಂದು ಜೋಡಿ ಇತ್ತು, ಗಂಡು ಕಿಟ್ಟು, ಹೆಣ್ಣು ಪುಟ್ಟಿ, ಹೆಸರಿಟ್ಟಿದ್ದು ಮಗಳು. ಗೊತ್ತಿಲ್ಲದೋರಿಗೆ ಹೇಳ್ತೀನಿ, ಗುಬ್ಬೀಗಿಂತ ಚಿಕ್ಕದು, ಆಸ್ಟ್ರೇಲಿಯಾ ಕಡೆಯ ಹಕ್ಕಿ, 12ರಿಂದ 15 ಗ್ರಾಂ ತೂಗುತ್ತೆ ಅಷ್ಟೇ. ಗಂಡಿಗೆ ಕೆನ್ನೆ ಮೇಲೆ ಕಿತ್ತಳೆ ಬಣ್ಣ, ಪಕ್ಕೆಯ ಕಂದು ಬಣ್ಣದ ಮೇಲೆ ಬಿಳಿ ಚುಕ್ಕಿ, ಕೆಂಪು ಕೊಕ್ಕು. ಹೆಣ್ಣಿಗೆ ಆ ಕೆನ್ನೆ ಬಣ್ಣ ಇರಲ್ಲ. ಇದನ್ಯಾಕೆ ಹೇಳ್ತಿದೀನಿ ಅಂದ್ರೆ ನಮ್ಮಂಥೋರ ಕಣ್ಣಿಗೆ ಎಲ್ಲಾ ಗಂಡೂ ಒಂದೇ ಥರ ಕಾಣ್ತವೆ. ಅವನಿಗೆ ಧೈರ್ಯ ಬಂದಿದ್ದೇ ಅಲ್ಲಿಂದ.

ಬೆಕ್ಕೂ ನಮ್ಮದೇ, ಕೆಂಚ ಅಂತ. ಭಾನುವಾರ ಸಂಜೆ ಬಾಲ್ಕನಿ ಬಾಗಿಲು ತೆಗೆದಿತ್ತು, ಯಾರು ತೆಗೆದಿದ್ದು ಅನ್ನೋ ಜಗಳ ನಮ್ಮನೇಲಿ ಇನ್ನೂ ಮುಗಿದಿಲ್ಲ ಅದನ್ನ ಇಲ್ಲಿ ಎಳೀಬೇಡಿ. ಸದ್ದು ಕೇಳಿ ನಾನು ಓಡಿ ಹೋಗೋ ಹೊತ್ತಿಗೆ ಕೆಂಚ ಪಂಜರಕ್ಕೆ ನೇತಾಡ್ಕೊಂಡು ಕಂಬಿ ಒಳಗೆ ಕೈ ಹಾಕಿ ಕಿಟ್ಟೂನ ಎಳೀತಾ ಇತ್ತು. ಬಿಡಿಸಿದೆ. ಕಿಟ್ಟು ಬಾಲದ ಗರಿ ಪೂರ್ತಿ ಕಿತ್ತು ಬಂದಿತ್ತು, ಎಡಗಡೆ ರೆಕ್ಕೆಯ ದೊಡ್ಡ ಗರಿಗಳೂ ಹೋಗಿದ್ವು, ಕೆಳಗೆ ಹಾಸಿದ ಪೇಪರ್ ಮೇಲೆ ರಕ್ತ. ಬಾಲ ಪೂರ್ತಿ ಹೋಗಿತ್ತು ಅನ್ನೋದನ್ನ ನೆನಪಿಟ್ಕೊಳ್ಳಿ. ಪುಟ್ಟಿ ಮೂಲೆಗೆ ಹೋಗಿ ಕೂತಿದ್ಲು, ನೋಡೋಕೆ ಏನೂ ಆಗಿರ್ಲಿಲ್ಲ.

ಭಾನುವಾರ ಸಂಜೆ ಈ ಬೆಂಗಳೂರಲ್ಲಿ ಹಕ್ಕಿ ನೋಡೋ ಡಾಕ್ಟ್ರನ್ನ ಹುಡುಕಿ ನೋಡಿ, ಆಗ ಗೊತ್ತಾಗುತ್ತೆ. ಬೀದಿಗೊಂದು ಪೆಟ್ ಕ್ಲಿನಿಕ್ ಇದೆ, ಫೋನ್ ಮಾಡಿದ್ರೆ ನಾಯಿ ಬೆಕ್ಕು ಮಾತ್ರ ಮೇಡಂ ಅಂತಾರೆ. ಒಂದ್ಕಡೆ ಹಕ್ಕಿ ಡಾಕ್ಟ್ರು ಬುಧವಾರ ಬರ್ತಾರೆ ಅಂದ್ರು. ಬುಧವಾರದ ತನಕ ಬದುಕಿರ್ಬೇಕಲ್ಲಪ್ಪ! ಆಗ ನೆನಪಾಗಿದ್ದು ನಾವು ಯಾವಾಗ್ಲೂ ನವಣೆ, ಕಟಲ್ ಬೋನು, ಗೂಡಿನ ಮಡಿಕೆ ಎಲ್ಲಾ ತಗೊಳ್ಳೋ ಅಂಗಡಿ. ಪರಿಚಯ ಇರೋನು. ಹೋದ ತಕ್ಷಣ ಕಿಟ್ಟೂನ ಕೈಗೆ ತಗೊಂಡು ರೆಕ್ಕೆ ಬಿಡಿಸಿ ನೋಡ್ದ, ಅರಿಶಿನ ಹಾಕಿದ್ದ ಎಂಥದೋ ಎಣ್ಣೆ ಸವರ್ದ, ಏನಿಲ್ಲ ಮೇಡಂ ಗಾಬರಿ ಬಿದ್ದಿದೆ ಅಷ್ಟೇ, ರಾತ್ರಿ ಡಾಕ್ಟ್ರು ಬರ್ತಾರೆ, ಬಿಟ್ಟು ಹೋಗಿ ಅಂದ. ಅಡ್ವಾನ್ಸ್ 1,500. ಪುಟ್ಟಿ ಕಥೆ ಕೇಳಿದ್ರೆ "ರಕ್ತ ಬಂದಿದ್ಯಾ? ಇಲ್ವಲ್ಲ? ಹಂಗಾದ್ರೆ ಅದಕ್ಕೇನೂ ಬೇಕಾಗಿಲ್ಲ ಬಿಡಿ" ಅಂದ. ಈ ಒಂದು ಮಾತಿಗೇ ಅವನನ್ನ ನಾನು ಕ್ಷಮಿಸಲ್ಲ.

ಯಾಕಂದ್ರೆ ಮಾರನೇ ದಿನ ಬೆಳಗ್ಗೆ ಪುಟ್ಟಿ ಮೈಯೆಲ್ಲ ಉಬ್ಬಿಸ್ಕೊಂಡು ಪಂಜರದ ತಳದಲ್ಲಿ ಕಣ್ಣು ಮುಚ್ಚಿ ಕೂತಿದ್ಲು, ಕಾಳು ಮುಟ್ಟಿಲ್ಲ. ಹೆಬ್ಬಾಳದ ಕಡೆ ಹಕ್ಕಿ ನೋಡೋ ಡಾಕ್ಟ್ರು ಒಬ್ರು ಇದಾರೆ ಅಂತ ಆಫೀಸಲ್ಲಿ ಯಾರೋ ಹೇಳಿದ್ರು. ಸೋಮವಾರ ಬೆಳಗ್ಗೆ ಬನಶಂಕರಿಯಿಂದ ಹೆಬ್ಬಾಳಕ್ಕೆ ಆಟೋಲಿ, ತೊಡೆ ಮೇಲೆ ಶೂ ಡಬ್ಬಿ, ಟ್ರಾಫಿಕ್ ಬಗ್ಗೆ ಬರೆಯೋದೇ ಬೇಡ. ಆ ಡಾಕ್ಟ್ರು ಮೊದಲು ತೂಕ ಹಾಕಿದ್ರು, 13 ಗ್ರಾಂ. ಆಮೇಲೆ ಹತ್ತಿ ಒದ್ದೆ ಮಾಡಿ ಗರಿ ಸರಿಸ್ತಾ ಸರಿಸ್ತಾ ಹೋದ್ರು, ರೆಕ್ಕೆ ಕೆಳಗೆ ಸೂಜಿ ಚುಚ್ಚಿದಷ್ಟು ಒಂದೇ ಒಂದು ತೂತು. ಬೆಕ್ಕಿನ ಹಲ್ಲು. ರಕ್ತ ಬಂದೇ ಇಲ್ಲ, ಗರಿ ಮುಚ್ಕೊಂಡಿದೆ, ನಮಗೆಲ್ಲಿ ಕಾಣ್ಬೇಕು? ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ ಇರುತ್ತಂತೆ, ಹಲ್ಲು ತಾಗಿ ಅದು ಒಳಗೆ ಹೋದ್ರೆ ಇಷ್ಟು ಚಿಕ್ಕ ಹಕ್ಕಿಗೆ ರಕ್ತ ಪೂರ್ತಿ ನಂಜಾಗಿ ಒಂದೆರಡು ದಿನದಲ್ಲೇ ಪ್ರಾಣ ಹೋಗುತ್ತೆ, ಗಾಯ ಎಷ್ಟು ದೊಡ್ಡದು ಅನ್ನೋದು ಲೆಕ್ಕಕ್ಕೇ ಇಲ್ಲ, ಬೆಕ್ಕು ಬಾಯಿ ಹಾಕಿದೆ ಅಂತ ಅನುಮಾನ ಇದ್ರೂ ಅವತ್ತೇ ಆಂಟಿಬಯಾಟಿಕ್ ಶುರು ಆಗ್ಬೇಕು ಅಂದ್ರು. ಸೂಜಿ ಇಲ್ಲದ 1 ಎಂಎಲ್ ಸಿರಿಂಜಲ್ಲಿ ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಬಿಡೋದು ತೋರಿಸಿಕೊಟ್ರು, ನೋವಿಗೆ ಬೇರೆ ಹನಿ ಕೊಟ್ರು. ತೂಕ ನೋಡಿ ಲೆಕ್ಕ ಹಾಕಿ ಕೊಡೋ ಔಷಧಿ ಇದು, ಕೋಳಿಗೆ ಕೊಡೋ ಪುಡೀನ ನೀರಿಗೆ ಕಲಸಿ ಇಡೋರ ಮಾತು ಕೇಳ್ಬೇಡಿ, ಹುಷಾರಿಲ್ಲದ ಹಕ್ಕಿ ನೀರೇ ಕುಡಿಯಲ್ಲ ಅಂದ್ಮೇಲೆ ಔಷಧಿ ಎಲ್ಲಿಂದ ಹೋಗುತ್ತೆ ಅಂದ್ರು.

ಇನ್ನೊಂದು ಹಕ್ಕಿಗೆ ಆಂಟಿಬಯಾಟಿಕ್ ಕೊಟ್ಟಿದಾರಾ ಅಂತ ಅವರೇ ಕೇಳಿದ್ದು. ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿದೆ. "ಅದನ್ನೇ ಹೇಳೋಣ ಅಂತಿದ್ದೆ ಮೇಡಂ, ಡಾಕ್ಟ್ರು ಇಂಜೆಕ್ಷನ್ ಹಾಕ್ಬೇಕು ಅಂತಿದಾರೆ, ಎಂಟು ನೂರು ಆಗುತ್ತೆ, ಐಸಿಯು ಲೈಟಿಂದು ಸಾವಿರದ ಇನ್ನೂರು ಬೇರೆ." ಐಸಿಯು ಲೈಟ್ ಅಂದ್ರೆ ಹಳೇ ಕಾಲದ ಹಳದಿ ಬಲ್ಬು ಸ್ವಾಮಿ! ಶಾಖ ಕೊಡೋದು ತಪ್ಪಲ್ಲ, ಕೊಡಲೇಬೇಕು, ಡಾಕ್ಟ್ರೂ ಅದನ್ನೇ ಹೇಳಿದ್ರು. ಅದಕ್ಕೆ ಸಾವಿರದ ಇನ್ನೂರಾ? ಆದ್ರೂ ದುಡ್ಡು ಕಳಿಸಿದೆ. ಜೋಡಿ ಆರೇಳು ನೂರಕ್ಕೆ ಸಿಗೋ ಹಕ್ಕಿಗೆ ಇಷ್ಟಾ ಅಂತ ಅತ್ತೆ ಬೈದ್ರು. ಪ್ರಾಣಕ್ಕೆ ರೇಟ್ ನೋಡ್ಬಾರ್ದು ಅಂತ ಅವರಿಗೇ ಎದುರು ಮಾತಾಡಿದೆ ನಾನು. ಈಗ ಅವರು ಏನೂ ಅನ್ನಲ್ಲ, ಸುಮ್ನೆ ನನ್ನ ಮುಖ ನೋಡ್ತಾರೆ, ಅದಕ್ಕಿಂತ ಬೈದಿದ್ರೇ ಚೆನ್ನಾಗಿತ್ತು.

ಆ ವಾರ ಪೂರ್ತಿ ವಿಡಿಯೋ ಕಾಲಲ್ಲಿ ತೋರ್ಸಿ ಅಂದ್ರೆ "ಹಕ್ಕಿಗೆ ಡಿಸ್ಟರ್ಬ್ ಆಗುತ್ತೆ ಮೇಡಂ". ಬಂದು ನೋಡ್ತೀನಿ ಅಂದ್ರೆ "ಡಾಕ್ಟ್ರ ಜಾಗದಲ್ಲಿದೆ, ಇಲ್ಲಿಲ್ಲ". ಡಾಕ್ಟ್ರ ಜಾಗ ಎಲ್ಲಿ ಅಂದ್ರೆ "ದೂರ ಮೇಡಂ". ಒಂದು ಫೋಟೋ ಕಳಿಸ್ದ, ಹಳದಿ ಬೆಳಕಲ್ಲಿ ಮುಖ ಮಾತ್ರ, ಹಿಂದಿನ ಭಾಗ ಕಾಣ್ತಿರಲಿಲ್ಲ. ಯಾಕೆ ಕಾಣ್ತಿರಲಿಲ್ಲ ಅಂತ ಈಗ ಗೊತ್ತಾಗ್ತಿದೆ ಅಲ್ವಾ?

ಶನಿವಾರ "ಫಿಟ್ ಅಂಡ್ ಫೈನ್, ಬಂದು ತಗೊಂಡ್ ಹೋಗಿ" ಅಂದ. ತೂತು ಮಾಡಿದ ರಟ್ಟಿನ ಡಬ್ಬಿ, ಸುತ್ತ ಟೇಪು. ಮನೆಗೆ ಹೋಗೋ ತನಕ ತೆಗೀಬೇಡಿ, ಸ್ಟ್ರೆಸ್ ಆಗುತ್ತೆ ಅಂತ ಅಕ್ಕರೆಯಿಂದ ಬೇರೆ ಹೇಳ್ದ. ಥ್ಯಾಂಕ್ಸ್ ಹೇಳಿ, ಅವನ ಹತ್ರನೇ ಇನ್ನೊಂದು ಕೆಜಿ ನವಣೆ ತಗೊಂಡು ಬಂದೆ. ಥ್ಯಾಂಕ್ಸ್ ಹೇಳಿದೆ ಅವನಿಗೆ!!

ಮನೆಗೆ ಬಂದು ಡಬ್ಬಿ ತೆಗೆದ್ವಿ. ಮಗಳು ಕಿಟ್ಟೂ ಅಂತ ಕಿರುಚಿದ್ಲು. ಹಾರಿ ಹೋಗಿ ಕಂಬಿ ಮೇಲೆ ಕೂತ್ಕೊಂತು. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಬಾಲ ಇದೆ. ಕಪ್ಪು ಬಿಳಿ ಪಟ್ಟೆ ಪಟ್ಟೆ, ಪೂರ್ತಿ ಉದ್ದದ ಬಾಲ. ಎಡಗಡೆ ರೆಕ್ಕೆ ತುಂಬಾ ಗರಿ. ಒಂದು ನಿಮಿಷ ನನ್ನ ತಲೆ ಓಡ್ಲೇ ಇಲ್ಲ ಕಣ್ರೀ, ಖುಷೀಲೇ ಇದ್ದೆ, ಯಜಮಾನ್ರೇ ಮೆಲ್ಲಗೆ ಅಂದಿದ್ದು, "ಲೇ, ಬಾಲ ಹೋಗಿತ್ತಲ್ವಾ?" ಪೇಪರ್ ಮೇಲೆ ಬಿದ್ದಿದ್ದ ಗರಿಗಳನ್ನ ಗುಡಿಸಿ ತೆಗೆದೋಳು ನಾನೇ. ಬುಡದಿಂದ ಕಿತ್ತು ಹೋದ ಗರಿ ಮತ್ತೆ ಬೆಳೆಯೋಕೆ ವಾರಗಟ್ಟಲೆ ಬೇಕು, ಒಂದು ವಾರಕ್ಕೆ ಕಡ್ಡಿ ಥರ ಮೊಳಕೆ ಬಂದಿದ್ರೆ ಹೆಚ್ಚು.

ಆದ್ರೂ ಮನಸ್ಸು ಒಪ್ಪಲ್ಲ ನೋಡಿ. ಆಮೇಲೆ ಅದು ಹಾಡ್ತು. ಝೀಬ್ರಾ ಫಿಂಚಲ್ಲಿ ಗಂಡು ಮಾತ್ರ ಹಾಡೋದು, ಮರಿ ಇದ್ದಾಗ ಅಪ್ಪನ ಹಾಡು ಕೇಳಿ ಕಲಿಯುತ್ತೆ, ಹೆಚ್ಚುಕಮ್ಮಿ ಮೂರು ತಿಂಗಳಿಗೆ ಅದು ಗಟ್ಟಿಯಾದ್ರೆ ಮುಗೀತು, ಸಾಯೋ ತನಕ ಅದೇ ಹಾಡು, ಒಂದೊಂದು ಗಂಡಿಗೂ ಅದರದ್ದೇ ಆದ ಹಾಡು. ಕಿಟ್ಟೂದು ದಿನಾ ಬೆಳಗ್ಗೆ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ ಆಗಿತ್ತು, ಕೊನೇಲಿ ಎರಡು ಸಲ ಚೀಕ್ ಚೀಕ್ ಅಂತ ಎಳೀತಿದ್ದ. ಇದರದ್ದು ಪೂರ್ತಿ ಬೇರೆ. ಮೊಬೈಲಲ್ಲಿ ಹಳೇ ವಿಡಿಯೋ ಇತ್ತು, ಹಾಕಿದೆ. ಪಕ್ಕದ ಡಬ್ಬೀಲಿ ಔಷಧಿ ಮೇಲಿದ್ದ ಪುಟ್ಟಿ ಈ ಹೊಸದು ಹಾಡಿದಾಗ ತಲೆ ಎತ್ತಿರ್ಲಿಲ್ಲ, ಮೊಬೈಲಲ್ಲಿ ಕಿಟ್ಟು ದನಿ ಬಂದ ತಕ್ಷಣ ಕೂಗೋಕೆ ಶುರು ಮಾಡಿದ್ಲು. ಮಗಳು ಆ ಕಡೆ ಈ ಕಡೆ ನೋಡಿ ಅಳೋಕೆ ಶುರು ಮಾಡಿದ್ಲು. ನನಗೆ ಆಗ ಮೈ ಉರಿದಿದ್ದು ಇನ್ನೂ ಆರಿಲ್ಲ.

ಫೋನ್ ಮಾಡಿದೆ. ಈಗ ಅವನ ಉತ್ತರಗಳನ್ನ ಕೇಳಿ.

ಬಾಲ ಹೆಂಗ್ ಬಂತಪ್ಪ? "ನಮ್ ಮೆಡಿಸಿನ್ ಪವರ್ ಮೇಡಂ." ವಾರದಲ್ಲಿ ಬಾಲ ಬರುತ್ತಾ? "ಬಾಲ ಇತ್ತು ಮೇಡಂ, ನೀವು ಗಾಬರೀಲಿ ಸರಿಯಾಗಿ ನೋಡಿಲ್ಲ." ಎರಡೂ ಒಂದೇ ಫೋನಲ್ಲಿ ಹೇಳಿದ್ದು! ಹಾಡು ಬೇರೆ ಇದೆಯಲ್ಲಪ್ಪ ಅಂದೆ. "ಇಂಜೆಕ್ಷನ್ ಹಾಕಿದ್ರೆ ದನಿ ಚೇಂಜ್ ಆಗುತ್ತೆ ಮೇಡಂ, ನಾರ್ಮಲ್." ಡಾಕ್ಟ್ರ ಹೆಸರು ಹೇಳು ಅಂದೆ, "ಅವರು ಹೆಸರು ಕೊಡಲ್ಲ". ಬಿಲ್ ಕೊಡು ಅಂದೆ, "ಬಿಲ್ ಬೇಕು ಅಂದ್ರೆ ಮೊದಲೇ ಹೇಳ್ಬೇಕಿತ್ತು, ಜಿಎಸ್‌ಟಿ ಆಗುತ್ತೆ". ವಿಡಿಯೋ ಇದೆ, ಎರಡೂ ಹಾಡು ರೆಕಾರ್ಡ್ ಇದೆ, ಹೆಬ್ಬಾಳದ ಡಾಕ್ಟ್ರಿಗೆ ತೋರಿಸ್ತೀನಿ ಅಂದ ಮೇಲೆ ಮೇಡಂ ಹೋಗಿ ಅಕ್ಕ ಆದೆ.

"ಅಕ್ಕ, ನಿಜ ಹೇಳ್ತೀನಿ, ಅದು ಅವತ್ತು ರಾತ್ರಿನೇ ಹೋಯ್ತು ಅಕ್ಕ. ಪಾಪು ಅಳುತ್ತೆ ಅಂತ ನಿಮಗೋಸ್ಕರನೇ ಮಾಡಿದ್ದು. ಹೊಸ ಹಕ್ಕಿ ಕೊಟ್ಟಿದೀನಲ್ಲ, ನಿಮಗೇನ್ ಲಾಸು?"

ಅವತ್ತು ರಾತ್ರಿ. ಭಾನುವಾರ ರಾತ್ರಿ. ಇಂಜೆಕ್ಷನ್‌ಗೆ, ಲೈಟಿಗೆ ನನ್ನ ಹತ್ರ ದುಡ್ಡು ಹಾಕ್ಸ್ಕೊಂಡಿದ್ದು ಸೋಮವಾರ ಮಧ್ಯಾಹ್ನ! ಅಷ್ಟೊತ್ತಿಗೆ ಹಕ್ಕೀನೇ ಇಲ್ಲ. ಹಕ್ಕಿ ಸತ್ತಿದ್ದಕ್ಕೆ ನಾನು ಅವನನ್ನ ಬೈತಿಲ್ಲ, ಅಷ್ಟು ಚಿಕ್ಕ ಜೀವ, ಮೈಲಿರೋ ರಕ್ತನೇ ಒಂದು ಎಂಎಲ್ ಚಿಲ್ಲರೆ, ಆ ಹೆಬ್ಬಾಳದ ಡಾಕ್ಟ್ರ ಹತ್ರ ಹೋಗಿದ್ರೂ ಉಳೀತಿತ್ತೋ ಇಲ್ವೋ. ಆದ್ರೆ ಒಂದು ಫೋನ್ ಮಾಡಿ ಹೋಯ್ತು ಮೇಡಂ ಅಂದಿದ್ರೆ ಅವತ್ತೇ ಬಂದು ತಗೊಂಡು ಹೋಗಿ ಮಣ್ಣು ಮಾಡ್ತಿದ್ವಿ. ಕಿಟ್ಟು ಎಲ್ಲಿ ಅಂತ ಕೇಳಿದ್ರೆ "ಎಲ್ಲಿ ಅಂತ ಹುಡುಕ್ಲಿ ಅಕ್ಕ" ಅಂದ. ಮೊದಲು ನಿಮ್ ಬೆಕ್ಕನ್ನ ಕಟ್ಟಾಕಿ ಅಂತ ನನಗೇ ಬುದ್ಧಿ ಬೇರೆ. ಸಮಾಧಾನಕ್ಕೆ ರೆಡ್ ಮುನಿಯಾ ಜೋಡಿ ಕೊಡ್ತಾನಂತೆ, "ಫಾರಿನ್ ಫಿಂಚು ಅಕ್ಕ, ಸ್ಪೆಷಲ್". ಅದು ಫಾರಿನ್ ಅಲ್ಲ, ನಮ್ಮ ಕಾಡುಹಕ್ಕಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯೋದು ಮಾರೋದು ಮನೇಲಿ ಇಟ್ಕೊಳ್ಳೋದು ಎಲ್ಲಾ ಅಪರಾಧ. ತಗೊಂಡಿದ್ರೆ ಜೈಲಿಗೆ ಹೋಗ್ತಿದ್ದೋಳು ನಾನು. ಯಾರಾದ್ರೂ ಅದನ್ನ ಫಿಂಚು ಅಂತ ಕೊಡೋಕೆ ಬಂದ್ರೆ ತಗೋಬೇಡಿ.

ಇದನ್ನೆಲ್ಲ ಫೋನಲ್ಲಿ ಬಾಯಲ್ಲಿ ಹೇಳಿದ್ದು. ಮೆಸೇಜಲ್ಲಿ ಕೇಳಿದ್ರೆ ಬರೀ ಕೈ ಮುಗಿಯೋ ಚಿಹ್ನೆ ಕಳಿಸ್ತಾನೆ, ಒಂದಕ್ಷರ ಒಪ್ಕೊಳ್ಳಲ್ಲ.

ಹಂಗಾಗಿ ಹೇಳ್ತಿದೀನಿ. ಏಟು ಬಿದ್ದ ಹಕ್ಕೀನ ಗಾಳಿಯಾಡೋ ಡಬ್ಬೀಲಿ ಬಟ್ಟೆ ಹಾಸಿ, ಕತ್ತಲಲ್ಲಿ, ಬೆಚ್ಚಗೆ, ಬೆಕ್ಕಿಲ್ಲದ ರೂಮಲ್ಲಿ ಇಡಿ. ಬಾಯಿಗೆ ನೀರು ಹಿಂಡ್ಬೇಡಿ. ಎಣ್ಣೆ, ಅರಿಶಿನ, ಮುಲಾಮು ಸವರೋಕೆ ಬಿಡ್ಬೇಡಿ, ಗರಿಗೆ ಜಿಡ್ಡು ಹಿಡಿದ್ರೆ ಮೈ ಶಾಖ ನಿಲ್ಲಲ್ಲ. ಗಾಯ ಕಾಣದೆ ಇರೋ ಹಕ್ಕೀನೂ ಜೊತೇಲೇ ತೋರಿಸಿ. ಡಾಕ್ಟ್ರು ಅಂದ್ರೆ ಕರ್ನಾಟಕ ವೆಟರ್ನರಿ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಕೇಳಿ, ನಂಬರ್ ಇಲ್ಲ ಅಂದ್ರೆ ಡಾಕ್ಟ್ರೂ ಇಲ್ಲ. ಹೆಬ್ಬಾಳದಲ್ಲಿ ವೆಟರ್ನರಿ ಕಾಲೇಜಿನ ಆಸ್ಪತ್ರೆ ಇದೆ, ಕ್ವೀನ್ಸ್ ರೋಡಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ, ಹತ್ರದ ಕ್ಲಿನಿಕ್ ಕೈ ಎತ್ತಿದ್ರೆ ಅಲ್ಲಿ ವಿಚಾರಿಸಿ. ಈಗಲೇ, ಹಕ್ಕಿ ಚೆನ್ನಾಗಿರುವಾಗಲೇ ನಂಬರ್ ಹುಡುಕಿ ಇಟ್ಕೊಳ್ಳಿ. ಎಲ್ಲಾದ್ರೂ ಬಿಟ್ಟು ಬರಲೇಬೇಕು ಅಂದ್ರೆ ಮುಂದೆ ಹಿಂದೆ ಎರಡೂ ಕಡೆ ಫೋಟೋ ತೆಗೆದು, ಡಬ್ಬೀನ ಅಲ್ಲೇ ತೆಗೆಸಿ ನೋಡಿ ತಗೊಳ್ಳಿ. ಸ್ಟ್ರೆಸ್ ಅಂತೆ ಸ್ಟ್ರೆಸ್ಸು.

ಪುಟ್ಟಿ ಉಳ್ಕೊಂಡ್ಲು, ಔಷಧಿ ಕೋರ್ಸ್ ಮುಗೀತು, ಕಾಳು ತಿಂತಿದಾಳೆ. ಹೊಸ ಗಂಡು ಉಸಿರಾಡುವಾಗ ಟಿಕ್ ಟಿಕ್ ಅಂತ ಸದ್ದು ಬರ್ತಿತ್ತು, ಶ್ವಾಸನಾಳದಲ್ಲಿ ಸೇರ್ಕೊಳ್ಳೋ ಹುಳ ಇರ್ಬೇಕು ಅಂತ ಅದೇ ಡಾಕ್ಟ್ರು ಅದಕ್ಕೂ ಔಷಧಿ ಕೊಟ್ಟು, ಒಂದು ತಿಂಗಳು ಬೇರೆ ರೂಮಲ್ಲಿಡಿ ಅಂದಿದಾರೆ. ಅದರ ಖರ್ಚೂ ನನ್ನದೇ. ಅದನ್ನ ವಾಪಸ್ ಕೊಡಲ್ಲ, ಹಕ್ಕಿ ಏನ್ ಮಾಡ್ತು ಪಾಪ.

ದುಡ್ಡಿನ ವಿಷಯಕ್ಕೆ ಗ್ರಾಹಕರ ಹೆಲ್ಪ್‌ಲೈನ್ 1915ಕ್ಕೆ ಕಂಪ್ಲೇಂಟ್ ಕೊಟ್ಟೆ. ಬಿಲ್ ಇಲ್ಲ, ಯುಪಿಐ ಸ್ಕ್ರೀನ್‌ಶಾಟ್ ಇದೆ, ವಿಡಿಯೋ ಇದೆ. ಕಂಪ್ಲೇಂಟ್ ಕೊಟ್ಟಿದೀನಿ ಅಂತ ಅವನಿಗೂ ಮೆಸೇಜ್ ಹಾಕ್ದೆ. ರಾತ್ರಿ ಉತ್ತರ ಬಂತು, "ಅಕ್ಕ 500 ವಾಪಸ್ ಹಾಕ್ತೀನಿ, ಹೊಸ ಹಕ್ಕಿ ತಂದ್ಕೊಟ್ಬಿಡಿ, ಇಲ್ಲಿಗೆ ಮುಗಿಸೋಣ". ಹೊಸ ಹಕ್ಕಿ ಅಂತ ಅವನೇ ಬರೆದಿದ್ದಾನೆ, ಅವನ ಕೈಯಾರೆ. ಡಿಲೀಟ್ ಮಾಡೋಕೆ ಮುಂಚೆ ಸ್ಕ್ರೀನ್‌ಶಾಟ್ ತೆಗೆದು ಅದನ್ನೂ ಕಂಪ್ಲೇಂಟಿಗೆ ಸೇರಿಸಿದೀನಿ.