ಕೈತೊಳೆಯುವ ಬೇಸಿನ್ ಇರುವ ಗೋಡೆಗೆ ಪ್ಯಾನೆಲ್ ಹೊಡೆಸುವ ಮುನ್ನ ಇದನ್ನು ಓದಿ

ಕಡಿಮೆ ಖರ್ಚಿನಲ್ಲಿ ಊಟದ ಕೋಣೆಯನ್ನು ಚೆಂದ ಮಾಡಿಕೊಡುತ್ತೇವೆ ಎನ್ನುವವರಿಗೆ ಬೆಂಗಳೂರಿನಲ್ಲಿ ಈಗ ಬರವಿಲ್ಲ. ಅವರಲ್ಲಿ ಯಾರಾದರೂ ನಿಮ್ಮ ಗೋಡೆಯ ತೇವದ ಕಲೆ ನೋಡಿ "ತಲೆ ಕೆಡಿಸ್ಕೋಬೇಡಿ ಮೇಡಂ, ಪ್ಯಾನೆಲ್ ಹಿಂದೆ ಮುಚ್ಚಿಹೋಗತ್ತೆ" ಅಂದರೆ ಕಾಫಿ ಕೊಟ್ಟು ಕಳಿಸಿಬಿಡಿ. ಕೆಲಸ ಮಾತ್ರ ಕೊಡಬೇಡಿ.

ನಮ್ಮದು ರಾಜಾಜಿನಗರದ ಕಡೆ ಒಂದು ಹಳೇ ಅಪಾರ್ಟ್‌ಮೆಂಟು. ಡೈನಿಂಗ್ ಅಂತ ಕರೆಯುವುದು ಅಡುಗೆಮನೆಗೂ ಹಾಲ್‌ಗೂ ನಡುವೆ ಉಳಿದಿರುವ 8 ಅಡಿ, 9 ಅಡಿಯ ಜಾಗವನ್ನು. ಒಂದು ಗೋಡೆಯ ಆಚೆಗೆ ಬಾತ್‌ರೂಮು, ಈಚೆಗೆ ಕೈತೊಳೆಯುವ ಬೇಸಿನ್ನು. ನೀರಿನ ಪೈಪೆಲ್ಲ ಒಂದೇ ಗೋಡೆಯಲ್ಲಿ ಹೋದರೆ ಕಟ್ಟಿಸುವವರಿಗೆ ಉಳಿತಾಯ, ಹಾಗಾಗಿ ಎಷ್ಟೋ ಫ್ಲ್ಯಾಟುಗಳಲ್ಲಿ ಹೀಗೇ ಇರುತ್ತದೆ. ನಮ್ಮ ಆ ಗೋಡೆ ಬುಡದಿಂದ ಮೊಣಕಾಲೆತ್ತರಕ್ಕೆ ಉಪ್ಪು ಬಿಟ್ಟಿತ್ತು. ಬಣ್ಣ ಉಬ್ಬಿ, ಕೈಯಿಟ್ಟರೆ ಬಿಳಿ ಪುಡಿ ಉದುರುತ್ತಿತ್ತು. ಅಳತೆಗೆ ಬಂದವನಿಗೆ ಮೊದಲು ತೋರಿಸಿದ್ದೇ ಅದನ್ನು. "ಹಳೇ ಪುಟ್ಟಿ ಅಷ್ಟೇ, ಪಿವಿಸಿ ಹಾಕಿದ್ಮೇಲೆ ನೀರೂ ಇಲ್ಲ, ಹುಳಾನೂ ಇಲ್ಲ" ಅಂದ.

42,000 ರೂಪಾಯಿಯ ಪ್ಯಾಕೇಜು. ಬೇಸಿನ್ ಗೋಡೆಯ ಅರ್ಧಕ್ಕೆ ಉದ್ದುದ್ದ ಗೆರೆಗಳ ಪ್ಯಾನೆಲ್ಲು, ಉಳಿದರ್ಧಕ್ಕೆ ಇಟ್ಟಿಗೆಯ ಹಾಗೆ ಕಾಣುವ ಫೋಮ್ ಶೀಟು, ನಾಲ್ಕು ಕುರ್ಚಿಯ ‘ಶೀಶಮ್’ ಮರದ ಟೇಬಲ್ಲು, ತೂಗುದೀಪ, ಒಂದು ದುಂಡು ಕನ್ನಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಕೊಟೇಶನ್ನಿನಲ್ಲಿ ‘ಪ್ರೀಮಿಯಂ ಪ್ಯಾನೆಲ್’, ‘ವುಡನ್ ಟೇಬಲ್’ ಎಂದಷ್ಟೇ ಇತ್ತು. ಬಿಲ್ಲು ಕೇಳಿದ್ದಕ್ಕೆ, ಬಿಲ್ಲಾದರೆ ಜಿಎಸ್‌ಟಿ ಸೇರಿಸಬೇಕಾಗುತ್ತದೆ ಎಂಬ ಮಾಮೂಲಿ ಉತ್ತರ. ಕೆಲಸ ಮುಗಿದ ಸಂಜೆ ಕೋಣೆ ನಿಜಕ್ಕೂ ಚೆನ್ನಾಗಿಯೇ ಕಾಣುತ್ತಿತ್ತು. ಅವನು ತೆಗೆದುಕೊಂಡು ಹೋದ ಫೋಟೋ ಈಗಲೂ ಅವನ ಜಾಹೀರಾತಿನಲ್ಲಿದೆ.

ಮಳೆಗಾಲಕ್ಕೆ ಮೊದಲೇ ವಾಸನೆ ಶುರುವಾಯಿತು. ಇಲಿ ಸತ್ತಿರಬೇಕೆಂದು ಫ್ರಿಜ್ ಹಿಂದೆಲ್ಲ ಹುಡುಕಿದೆವು. ಆಮೇಲೆ ಪ್ಯಾನೆಲ್ಲಿನ ಬುಡ ಊದಿತು, ಮೇಲಿನ ಹಾಳೆ ಸುರುಳಿ ಬಿಟ್ಟುಕೊಂಡಿತು. ಕಿತ್ತು ನೋಡಿದರೆ ಹಿಂದೆಲ್ಲ ಕಪ್ಪು ಬೂಷ್ಟು. ಫೋಮ್ ಶೀಟು ಎಳೆದರೆ ಅದರ ಜೊತೆಗೆ ಪುಟ್ಟಿಯೂ ಹಪ್ಪಳದಂತೆ ಎದ್ದು ಬಂತು. ಆಸ್ತಮಾ ಇರುವ ನಮ್ಮ ಅತ್ತೆ ಇಷ್ಟು ದಿನ ಅದರ ಪಕ್ಕದಲ್ಲೇ ಕೂತು ಊಟ ಮಾಡಿದ್ದರು.

ಆಗಿದ್ದು ಇಷ್ಟು. ಬಾತ್‌ರೂಮಿನ ಟೈಲ್ಸ್ ಸಂದುಗಳಿಂದಲೂ ಬೇಸಿನ್ನಿನ ವೇಸ್ಟ್ ಪೈಪಿನ ಜಾಯಿಂಟಿನಿಂದಲೂ ನೀರು ಗೋಡೆಗೆ ಜಿನುಗುತ್ತಲೇ ಇತ್ತು. ಮೊದಲು ಆ ತೇವ ನಮ್ಮ ಕಡೆಯ ಗಾಳಿಗೆ ಅಷ್ಟಿಷ್ಟು ಆರುತ್ತಿತ್ತು. ಪ್ಯಾನೆಲ್ಲೂ ಫೋಮೂ ಆ ದಾರಿಯನ್ನು ಮುಚ್ಚಿದವು. ಜಿನುಗಿದ ನೀರೆಲ್ಲ ಅಲ್ಲೇ ಉಳಿಯಿತು. ಪಿವಿಸಿ ಎಂದು ಹೇಳಿ ಹಾಕಿದ್ದು ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ, ಪಿವಿಸಿ ಇದ್ದದ್ದು ಮೇಲಿನ ತೆಳು ಹಾಳೆಯಲ್ಲಿ ಮಾತ್ರ! ಎಂಡಿಎಫ್ ನೀರು ಕುಡಿದು ಊದಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಕತ್ತರಿಸಿದ ಅಂಚು ನೋಡಿದ್ದರೆ ಸಾಕಿತ್ತು, ಒಳಗೆ ಕಂದು ಬಣ್ಣದ ಒತ್ತಿದ ಪುಡಿಯಂತೆ ಕಾಣುತ್ತದೆ. ಅಂಗಡಿಯಲ್ಲಿ ತೋರಿಸಿದ ಸ್ಯಾಂಪಲ್ಲಿಗೆ ನಾಲ್ಕೂ ಕಡೆ ಟೇಪು ಸುತ್ತಿತ್ತು. ಏಕೆಂದು ಈಗ ಅರ್ಥವಾಗುತ್ತದೆ. ಹಾಗೆಂದು ಅಸಲಿ ಪಿವಿಸಿ ಹಾಕಿದ್ದರೂ ಹಲಗೆ ಉಳಿಯುತ್ತಿತ್ತೇ ಹೊರತು, ಹಿಂದಿನ ಬೂಷ್ಟು ತಪ್ಪುತ್ತಿರಲಿಲ್ಲ.

ಗೋಡೆಯ ತೇವ ಪರೀಕ್ಷಿಸಲು ದುಡ್ಡು ಬೇಡ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಬೆವರಿದರೆ ತೇವ ಗೋಡೆಯಿಂದಲೇ ಬರುತ್ತಿದೆ. ಹೊರಬದಿಯಲ್ಲಿ ಬೆವರಿದರೆ ಅದು ಕೋಣೆಯ ಗಾಳಿಯದು, ಕಿಟಕಿ ತೆರೆದಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಗೋಡೆಯದ್ದಾದರೆ ಮೊದಲು ಪ್ಲಂಬರನ್ನು ಕರೆಸಿ, ಅಲಂಕಾರದವರನ್ನಲ್ಲ. ಸೋರುವುದು ನಿಂತ ಮೇಲೂ ಗೋಡೆ ಒಣಗಲು ವಾರಗಳೇ ಹಿಡಿಯುತ್ತವೆ. "ನಾಳೇನೇ ಬಣ್ಣ ಹೊಡೀಬಹುದು" ಅನ್ನುವವರನ್ನೂ ನಂಬಬೇಡಿ.

ಇನ್ನು ಟೇಬಲ್ಲು. ತಲೆಕೆಳಗು ಮಾಡಿದರೆ ಬಣ್ಣ ಹಾಕದ ಪಾರ್ಟಿಕಲ್ ಬೋರ್ಡು, ಮರದ ಚೂರುಗಳನ್ನು ಅಂಟಿಸಿ ಒತ್ತಿದ್ದು. ಶೀಶಮ್ಮಿನ ಗೆರೆಗಳೆಲ್ಲ ಮೇಲಿನ ಕಾಗದದಲ್ಲಿ ಅಚ್ಚಾದವು. ಗಟ್ಟಿ ಮರದ ಹಲಗೆಯಾದರೆ ಮೇಲಿನ ಗೆರೆ ಅಂಚಿನಲ್ಲೂ ಇಳಿದು ಬರುತ್ತದೆ. ಬಿಸಿಬೇಳೆಬಾತಿನ ಪಾತ್ರೆ ಇಟ್ಟಲ್ಲಿ ಕಾಗದ ಗುಳ್ಳೆಯೆದ್ದಿದೆ. ಸಾಲದ್ದಕ್ಕೆ "ಅದೇ ರೇಟಿಗೆ ದೊಡ್ಡದು" ಎಂದು ಒಪ್ಪಿದ 4 ಅಡಿ, 2.5 ಅಡಿಯದರ ಬದಲು 5 ಅಡಿ, 3 ಅಡಿಯದು ತಂದಿಟ್ಟ. ಕುರ್ಚಿ ಹಿಂದೆಳೆದು ಏಳಲು ಟೇಬಲ್ಲಿನ ಅಂಚಿನಿಂದ ಕನಿಷ್ಠ 30 ಇಂಚು, ಹಿಂದೆ ಓಡಾಟವಿದ್ದರೆ 36 ಇಂಚು ಬೇಕು. ಬೇಸಿನ್ ಬೇರೆ ಮುಂದಕ್ಕೆ ಚಾಚಿರುವ ನಮ್ಮ ಜಾಗದಲ್ಲಿ ಆ ಬದಿಗೆ ಕೂತವರು ಕೈತೊಳೆಯಲು ಏಳಬೇಕಾದರೆ ಪಕ್ಕದವರೂ ಏಳಬೇಕು. ಇಷ್ಟು ಚಿಕ್ಕ ಕೋಣೆಗೆ ಚಿಕ್ಕ ಟೇಬಲ್ಲನ್ನು ಗೋಡೆಗೆ ಒತ್ತರಿಸಿ, ಒಂದು ಬದಿಗೆ ಬೆಂಚು ಹಾಕುವುದೇ ಸರಿ ಎಂದು ನನಗನ್ನಿಸುತ್ತದೆ. ಬೆಂಚನ್ನು ಊಟವಾದ ಮೇಲೆ ಒಳಗೆ ತಳ್ಳಬಹುದು.

ತೂಗುದೀಪ ಫ್ಯಾನಿನ ಗಾಳಿಗೆ ಉಯ್ಯಾಲೆಯಾಡಿತು. ತೆಗೆಸಿ, ಬಿವಿಕೆ ಅಯ್ಯಂಗಾರ್ ರಸ್ತೆಯಿಂದ ಗೋಡೆಗೆ ಹಾಕುವ ಒಂದು ದೀಪ ತಂದೆವು, 3000 ಕೆಲ್ವಿನ್ನಿನ ಹಳದಿ ಬೆಳಕಿನದು. ಜಾಗ ದೊಡ್ಡದಾಗಿ ಕಾಣಲೆಂದು ಹಾಕಿದ ಕನ್ನಡಿಯಲ್ಲಿ ಕಾಣುವುದು ಅಡುಗೆಮನೆ ಸಿಂಕಿನ ಮುಸುರೆ ಪಾತ್ರೆ.

ಕೊಟೇಶನ್ನಿನಲ್ಲಿ ‘ಪ್ರೀಮಿಯಂ’ ಎಂಬ ಮಾತನ್ನು ಹೊಡೆಸಿಹಾಕಿ, ಯಾವ ವಸ್ತು, ಎಷ್ಟು ದಪ್ಪ, ಯಾವ ಅಳತೆ ಎಂದು ಬರೆಸಿಕೊಳ್ಳಿ. ಬೇಸಿನ್ ಕೆಳಗೆ ಕಪಾಟು ಮಾಡಿಸುವುದಾದರೆ ಪ್ಲೈವುಡ್ಡಿನ ಮೇಲೆ ಐಎಸ್ 710 ಮುದ್ರೆ ನೋಡಿ, ಅದು ನೀರು ತಡೆಯುವ ಮರೀನ್ ಪ್ಲೈವುಡ್ಡಿನ ಭಾರತೀಯ ಮಾನಕ. ಐಎಸ್ 303ರ ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್) ದರ್ಜೆಯದು ಗಾಳಿಯ ತೇವಕ್ಕೆ ಸರಿ, ನೀರಿಗಲ್ಲ. ಬಿಲ್ಲು ಕೊಡದಿರುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರವೇ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ನೀವು ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಕೆಲಸ ಶುರುವಾಗುವ ಮೊದಲು ಗೋಡೆಯ ಫೋಟೋ ತೆಗೆದು ಅವರಿಗೇ ವಾಟ್ಸ್ಆ್ಯಪ್ ಮಾಡಿ. ನಾವು ಹಾಗೆ ಕಳಿಸಿದ್ದ ಫೋಟೋಗೆ ಅವನು "ಓಕೆ ಮೇಡಂ, ನೋಡ್ಕೋತೀನಿ" ಎಂದು ಉತ್ತರಿಸಿದ್ದ. ದೂರಿನ ಜೊತೆ ಲಗತ್ತಿಸಿರುವುದು ಅದನ್ನೇ.