ಮತ ಹಾಕಿ ಕೊಳ್ಳುವ ಶಾಲಾ ತೆರಿಗೆ: ತೆರಿಗೆದಾರನೊಬ್ಬನ ವಿಮರ್ಶೆ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮನೆಯುಳ್ಳವನಾಗಿ ನಾನು ಪ್ರತಿವರ್ಷ ಬಳಸುವ, ಆದರೆ ಸೇವೆಯೆಂದು ಎಂದೂ ಎಣಿಸದಿದ್ದ ಒಂದು ವ್ಯವಸ್ಥೆಯನ್ನು ಇಲ್ಲಿ ಪರಿಶೀಲಿಸುತ್ತಿದ್ದೇನೆ. ಅದು ಸರ್ಕಾರಿ ಶಾಲೆಗಳಿಗಾಗಿ ಮತದಾರರೇ ಒಪ್ಪಿ ಹಾಕಿಕೊಳ್ಳುವ ಸ್ಥಳೀಯ ಆಸ್ತಿ ತೆರಿಗೆ. ಇಲ್ಲಿನವರ ಬಾಯಲ್ಲಿ ‘ಲೆವಿ’.

ಫೆಬ್ರುವರಿಯ ವಿಶೇಷ ಚುನಾವಣೆಗೆ ಮುನ್ನ ಅಂಚೆಯಲ್ಲಿ ಮತಪತ್ರವೂ ಮತದಾರರ ಕೈಪಿಡಿಯೂ ಬರುತ್ತವೆ. ಶಾಲಾ ಜಿಲ್ಲೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಕೇಳುತ್ತಿರುವ ಒಟ್ಟು ಮೊತ್ತ, ಎಷ್ಟು ವರ್ಷ, 1,000 ಡಾಲರ್ ಮೌಲ್ಯಕ್ಕೆ ಅಂದಾಜು ದರ, ಪರ ಮತ್ತು ವಿರೋಧದ ವಾದಗಳು, ಎಲ್ಲವೂ ಅದರಲ್ಲಿರುತ್ತವೆ. ದರ 1 ಡಾಲರ್ 20 ಸೆಂಟ್ ಎಂದಿದ್ದರೆ 8 ಲಕ್ಷ ಡಾಲರ್ ಬೆಲೆಯ ಮನೆಗೆ ವರ್ಷಕ್ಕೆ 960 ಡಾಲರ್ ಬೀಳುತ್ತದೆ. ಹೀಗೆ ಕೊಳ್ಳುವ ಮುನ್ನವೇ ಬೆಲೆ ತಿಳಿಸುವ ತೆರಿಗೆ ಅಪರೂಪ. ಒಪ್ಪಿಗೆಗೆ ಸರಳ ಬಹುಮತ ಸಾಕು. 2007ರಲ್ಲಿ ಸಂವಿಧಾನ ತಿದ್ದುಪಡಿಯಾಗುವವರೆಗೆ ಶೇ. 60 ಮತ ಬೇಕಿತ್ತು. ಕಟ್ಟಡಗಳಿಗಾಗಿ ಸಾಲ ಎತ್ತುವ ಬಾಂಡಿಗೆ ಈಗಲೂ ಶೇ. 60 ಬೇಕು. ಲೆವಿ ಕಲಿಕೆಗೆ, ಬಾಂಡ್ ಕಟ್ಟಡಕ್ಕೆ ಎಂಬ ಇಲ್ಲಿನ ರೂಢಿಮಾತು ಬಹುಮಟ್ಟಿಗೆ ಸರಿ, ಆದರೆ ಕಟ್ಟಡ ಹಾಗೂ ತಂತ್ರಜ್ಞಾನಕ್ಕೆ ಮೀಸಲಾದ ಲೆವಿಗಳೂ ಇವೆ.

ಹಣದಿಂದ ಸಿಗುವುದೇನು ಎಂಬುದರಲ್ಲೇ ಈ ಸೇವೆಯ ಸತ್ವವಿದೆ. ಮೂಲಭೂತ ಶಿಕ್ಷಣದ ವೆಚ್ಚವನ್ನು ರಾಜ್ಯವೇ ಭರಿಸಬೇಕೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಮೆಕ್ಲೀರಿ ಪ್ರಕರಣದಲ್ಲಿ ತೀರ್ಪಿತ್ತಿತು. ಬಳಿಕ 2017ರಲ್ಲಿ ಶಾಸನಸಭೆ ರಾಜ್ಯದ ಆಸ್ತಿ ತೆರಿಗೆಯನ್ನು ಹೆಚ್ಚಿಸಿ ಸ್ಥಳೀಯ ಲೆವಿಗೆ ಮಿತಿ ಹಾಕಿತು. ಕಾಗದದ ಮೇಲೆ ಲೆವಿ ಈಗ ‘ಹೆಚ್ಚುವರಿ’ ಸೌಲಭ್ಯಕ್ಕೆ ಮಾತ್ರ. ಆದರೆ ಆ ಹೆಚ್ಚುವರಿಯೊಳಗೆ ಶಾಲೆಯ ನರ್ಸ್, ಆಪ್ತಸಮಾಲೋಚಕರು, ಕ್ರೀಡೆ, ಸಂಗೀತ ಬರುತ್ತವೆ, ರಾಜ್ಯದ ಅನುದಾನ ಸಾಲದೆ ಉಳಿದ ಖರ್ಚೂ ಸೇರಿಕೊಳ್ಳುತ್ತದೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ನರ್ಸನ್ನು ಹೆಚ್ಚುವರಿ ಎನ್ನಲು ನನಗಂತೂ ನಾಲಗೆ ಏಳದು.

ಜನ ತಪ್ಪು ತಿಳಿಯುವುದು ಮುಖ್ಯವಾಗಿ ದರದ ವಿಷಯದಲ್ಲಿ. ಮತದಾರರು ಒಪ್ಪುವುದು ಒಟ್ಟು ಮೊತ್ತವನ್ನು; ಊರಿನ ಎಲ್ಲ ಮನೆಗಳ ಬೆಲೆ ಒಂದೇ ಸಮ ಏರಿದರೆ ದರ ಇಳಿಯುತ್ತದೆಯೇ ಹೊರತು ಶಾಲೆಗೆ ಹೆಚ್ಚು ಹಣ ಸೇರುವುದಿಲ್ಲ. ನಮ್ಮ ಕೈಪಿಡಿಯಲ್ಲಿ ಇದು ಎರಡು ಸಾಲಿನಲ್ಲಿ ಹೇಳಬಹುದಾದದ್ದು, ಆದರೆ ಕಾನೂನಿನ ಭಾಷೆಯ ಒಂದು ಉದ್ದನೆಯ ಪ್ಯಾರಾದಲ್ಲಿ ಹೂತುಹೋಗಿತ್ತು. ಮೂರು ಸಲ ಓದಿದ ಮೇಲೆ ನನಗೆ ಅರ್ಥವಾಯಿತು.

ದೊಡ್ಡ ಕೊರತೆ ಬೇರೆಯೇ. ಒಟ್ಟು ಆಸ್ತಿಯ ಮೌಲ್ಯ ಒಬ್ಬ ವಿದ್ಯಾರ್ಥಿಗೆ ಸರಾಸರಿ 20 ಲಕ್ಷ ಡಾಲರ್ ಇರುವ ಶಾಲಾ ಜಿಲ್ಲೆಯಲ್ಲಿ ಸಾವಿರಕ್ಕೆ 1 ಡಾಲರ್ ಎತ್ತಿದರೆ ತಲಾ 2,000 ಡಾಲರ್ ದೊರೆಯುತ್ತದೆ, 5 ಲಕ್ಷ ಇರುವಲ್ಲಿ ಅದೇ ದರಕ್ಕೆ 500 ಮಾತ್ರ. ಇದನ್ನು ಸರಿದೂಗಿಸಲು ರಾಜ್ಯ ಬಡ ಜಿಲ್ಲೆಗಳಿಗೆ ಪೂರಕ ನೆರವು ಕೊಡುತ್ತದೆ, ಆದರೆ ಅದು ಅಲ್ಲಿ ಲೆವಿ ಗೆದ್ದರೆ ಮಾತ್ರ. ಸೋತರೆ ಅದೇ ವರ್ಷ ಇನ್ನೊಂದೇ ಅವಕಾಶ. ಇನ್ನು ಪೌರತ್ವವಿಲ್ಲದ ನನ್ನ ಗೆಳೆಯರು ತೆರಿಗೆಯನ್ನು ಪೂರ್ತಿ ಕಟ್ಟಿಯೂ ಮತ ಹಾಕುವಂತಿಲ್ಲ.

ಏಪ್ರಿಲ್ 30 ಮತ್ತು ಅಕ್ಟೋಬರ್ 31ರ ಎರಡು ಕಂತುಗಳಲ್ಲಿ ಕಟ್ಟುವ ಬಿಲ್ಲಿನ ಬಗ್ಗೆ ನನ್ನ ದೂರು ಒಂದೇ. ನನಗೆ ಬಂದ ಬಿಲ್ಲಿನಲ್ಲಿ ರಾಜ್ಯದ ಶಾಲಾ ತೆರಿಗೆ, ಸ್ಥಳೀಯ ಶಾಲಾ ತೆರಿಗೆ ಎಂಬ ಎರಡು ಸಾಲುಗಳು ಯಾವ ವಿವರಣೆಯೂ ಇಲ್ಲದೆ ಅಕ್ಕಪಕ್ಕ ನಿಂತಿದ್ದವು. ಎರಡನೆಯದರ ಮುಂದೆ ಮತದಾರರು ಒಪ್ಪಿದ ವರ್ಷವನ್ನೂ ಅವಧಿ ಮುಗಿಯುವ ವರ್ಷವನ್ನೂ ಅಚ್ಚು ಮಾಡಿದ್ದರೆ, ಮುಂದಿನ ಫೆಬ್ರುವರಿಯಲ್ಲಿ ಬರುವುದು ಹೊಸ ತೆರಿಗೆಯೋ ಹಳೆಯದರ ನವೀಕರಣವೋ ಎಂದು ನೆರೆಮನೆಯವರೊಡನೆ ಬೇಲಿಯ ಬಳಿ ನಿಂತು ವಾದಿಸುವ ಪ್ರಮೇಯ ಬರುತ್ತಿರಲಿಲ್ಲ.