ಕಿವಿಯ ನರದ ಸಣ್ಣ ಗಡ್ಡೆಗೆ ಎಕ್ಸ್‌ರೇ ರೇಡಿಯೋಸರ್ಜರಿ ಸಾಕು

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಮ್ಮ ಅತ್ತೆಗೆ ಮಾಡಿಸಿದ ರೇಡಿಯೋಸರ್ಜರಿಯ (ಕೊಯ್ಯದೆ, ಗುರಿಯಿಟ್ಟ ಕಿರಣದಿಂದ ಮಾಡುವ ಚಿಕಿತ್ಸೆ) ಬಗ್ಗೆ ಬರೆಯುತ್ತಿದ್ದೇನೆ. ಬದಿಯಡ್ಕ, ಪೆರ್ಲ ಕಡೆಯವರು ಯಾರಾದರೂ ಇದೇ ತೊಂದರೆಗೆ ಹೊರಟಿದ್ದರೆ ಉಪಯೋಗವಾದೀತು.

ಅತ್ತೆಗೆ ಬಲಗಿವಿಯಲ್ಲಿ ಫೋನ್ ಕೇಳಿಸುತ್ತಿರಲಿಲ್ಲ, ನಡೆಯುವಾಗ ಒಂದು ಬದಿಗೆ ವಾಲುತ್ತಿದ್ದರು. ಎಂಆರ್‌ಐ ಮಾಡಿಸಿದಾಗ ಕಿವಿಯ ನರದಲ್ಲಿ 1.8 ಸೆಂ.ಮೀ. ಗಡ್ಡೆ: ವೆಸ್ಟಿಬ್ಯುಲಾರ್ ಶ್ವಾನೋಮ. ಕ್ಯಾನ್ಸರ್ ಅಲ್ಲ. ದುಬೈಯಲ್ಲಿರುವ ಭಾವ, "ದುಡ್ಡಿನ ಚಿಂತೆ ಬೇಡ, ಪ್ರೋಟಾನೇ ಮಾಡಿಸುವ" ಅಂದರು. ಅಂದರೆ ಎಕ್ಸ್‌ರೇಯ ಬದಲು ಪ್ರೋಟಾನ್ ಎಂಬ ಕಣಗಳ ಕಿರಣದ ಚಿಕಿತ್ಸೆ. ಚೆನ್ನೈಯಲ್ಲಿ 2019ರಿಂದ ಅಪೋಲೊದವರ ಪ್ರೋಟಾನ್ ಕೇಂದ್ರ ಇದೆ. ಮಧ್ಯಾಹ್ನ ಕಾಸರಗೋಡಿನಲ್ಲಿ ಮೈಲ್ ರೈಲು ಹತ್ತಿದರೆ ಬೆಳಗಾಗುವಾಗ ಅಲ್ಲಿರಬಹುದು.

ಬೆಂಗಳೂರಿನ ಡಾಕ್ಟರರು ಸ್ಕ್ಯಾನ್ ತೋರಿಸುತ್ತಾ ತಾಳ್ಮೆಯಿಂದ ವಿವರಿಸಿದರು. ಪ್ರೋಟಾನ್ ಕಿರಣ ಒಂದು ಆಳದಲ್ಲಿ ತನ್ನ ಶಕ್ತಿಯ ಬಹುಪಾಲನ್ನು ಸುರಿದು ನಿಂತುಬಿಡುತ್ತದೆ, ಆಚೆಗೆ ಹೋಗುವುದಿಲ್ಲ. ಮಕ್ಕಳ ಮಿದುಳಿನ ಗಡ್ಡೆಗಳಿಗೂ ತಲೆಬುರುಡೆಯ ತಳದ ಎಲುಬಿನಲ್ಲಿ ಬರುವ ಕಾರ್ಡೋಮ ಎಂಬ ಗಡ್ಡೆಗೂ ಅದು ನಿಜವಾಗಿಯೂ ದೊಡ್ಡ ವರ. ಆದರೆ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಕೆಲವು ಮಿಲಿಮೀಟರ್ ಆಚೀಚೆ ಆಗಬಹುದು. ಕಿವಿಯ ಹಿಂದಿನ ಎಲುಬಿನಲ್ಲಿ ಗಾಳಿಯ ಗೂಡುಗಳಿರುವುದರಿಂದ ಲೆಕ್ಕ ಇನ್ನೂ ಕಷ್ಟ. ಆಳಕ್ಕೆ ಹೋದ ಹಾಗೆ ಕಿರಣದ ಅಂಚೂ ಮಸುಕಾಗುತ್ತದೆ. ಅತ್ತೆಯ ಗಡ್ಡೆಯ ಪಕ್ಕದಲ್ಲೇ ಮುಖದ ನರ, ಮಿದುಳಿನ ಕಾಂಡ. ಎಕ್ಸ್‌ರೇಯಾದರೆ ಹಲವು ದಿಕ್ಕಿನಿಂದ ತೆಳುವಾಗಿ ಬಂದು ಗಡ್ಡೆಯಲ್ಲಿ ಮಾತ್ರ ಒಟ್ಟು ಸೇರುತ್ತದೆ, ಸುತ್ತ ಬೇಗ ಇಳಿದುಬಿಡುತ್ತದೆ. ಇಷ್ಟು ಸಣ್ಣ ಗಡ್ಡೆಗೆ ಪ್ರೋಟಾನ್‌ನಿಂದ ಹೆಚ್ಚಿನ ಲಾಭ ಇಲ್ಲ ಎಂದರು. ಖರ್ಚು ಮಾತ್ರ ಹಲವು ಪಟ್ಟು. ಭಾವನಿಗೂ ಫೋನಿನಲ್ಲಿ ಅವರೇ ಹೇಳಿದರು, ಅವರೂ ಒಪ್ಪಿದರು.

ತಲೆ ಅಲುಗದಂತೆ ಹಿಡಿಯುವ ಮಾಸ್ಕ್ ಮಾಡುವಾಗ ನಾನು ಪಕ್ಕದಲ್ಲಿದ್ದೆ. ತೂತುತೂತಿನ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆದು ಒತ್ತಿದರು, ನೋಡುತ್ತಿದ್ದಂತೆ ಗಟ್ಟಿಯಾಯಿತು. ಚಿಕಿತ್ಸೆಯ ದಿನ ಅದನ್ನೇ ಮೇಜಿಗೆ ಬಿಗಿದರು. ತಲೆಗೆ ಲೋಹದ ಚೌಕಟ್ಟನ್ನು ಸ್ಕ್ರೂ ಹಾಕಿ ಬಿಗಿಯುವುದು ನಮಗೆ ಬೇಕಾಗಲಿಲ್ಲ. ಒಂದೇ ಸಲ, 12.5 ಗ್ರೇ (ಕಿರಣದ ಪ್ರಮಾಣದ ಅಳತೆ). ಹೊರಗೆ ಬಂದಾಗ ಅತ್ತೆಯ ಕೆನ್ನೆ ತುಂಬ ಬಲೆಯ ಗುರುತು, "ನೋವೇ ಇಲ್ಲ ಮಾರಾಯ್ತಿ" ಅಂದರು.

ಗಡ್ಡೆ ಮಾಯವಾಗುತ್ತದೆ ಅಂತ ಹೋಗಬೇಡಿ. ಬೆಳೆಯುವುದು ನಿಲ್ಲುತ್ತದೆ, ಅದೂ ನೂರರಲ್ಲಿ 90ಕ್ಕಿಂತ ಹೆಚ್ಚು ಜನರಿಗೆ. ಮೊದಲು ಸ್ವಲ್ಪ ಊದಿಕೊಳ್ಳಲೂಬಹುದು. ಹೋದ ಕಿವಿ ಮರಳುವುದಿಲ್ಲ. ಇದನ್ನು ಮೊದಲೇ ನೇರವಾಗಿ ಹೇಳಿದ್ದು ನನಗೆ ತುಂಬ ಹಿಡಿಸಿತು.

ಒಂದು ದೂರಿದೆ. ಸ್ಟೆರಾಯ್ಡ್ ಮಾತ್ರೆಯನ್ನು ದಿನದಿನ ಹೇಗೆ ಕಡಿಮೆ ಮಾಡಬೇಕೆಂಬ ಚೀಟಿ ಬರೀ ಇಂಗ್ಲಿಷಿನಲ್ಲಿತ್ತು. ಸಿಸ್ಟರ್ ಒಬ್ಬರು ಹಿಂದಿನ ಪುಟದಲ್ಲಿ ಕನ್ನಡದಲ್ಲಿ ಬರೆದುಕೊಟ್ಟದ್ದರಿಂದ ಅತ್ತೆ ತಾವೇ ಓದಿಕೊಂಡು ತೆಗೆದುಕೊಂಡರು. ಇದು ಸಿಸ್ಟರರ ಒಳ್ಳೆಯತನಕ್ಕೆ ಬಿಟ್ಟ ವಿಷಯ ಆಗಬಾರದು.

ಆರು ತಿಂಗಳ ಎಂಆರ್‌ಐ ಮಂಗಳೂರಿನಲ್ಲೇ ಮಾಡಿಸಿ ಸಿಡಿ ಕಳಿಸಿದರೆ ಸಾಕಂತೆ. ಇಲ್ಲಿಂದ ಹೋಗುವವರಿಗೆ ಅದು ದೊಡ್ಡ ಉಪಕಾರ.